ಪ್ರತಿಕ್ರಿಯೆ: ಸೈಟ್ ಇಂಜಿನಿಯರ್‌ಗೆ ಸ್ಟ್ರಕ್ಚರಲ್ ಡಿಸೈನ್ ಮೆಂಟರ್ ಸಿಗುವುದು ಹೇಗೆ?

ಸೈಟ್‌ನಿಂದ ಡಿಸೈನ್‌ಗೆ ಹೋಗಬೇಕು, ಹಿರಿಯರಿಗೆ 'ನನಗೆ ಮೆಂಟರ್ ಆಗ್ತೀರಾ' ಅಂತ ಬರೆದರೂ ಉತ್ತರವಿಲ್ಲ ಅಂದಿದ್ದೀರಿ. ನಿಮ್ಮ ಸಂದೇಶ ನಾನು ನೋಡಿಲ್ಲ, ಆದರೆ ಬಹುಶಃ ತೊಡಕು ಆ ಪ್ರಶ್ನೆಯಲ್ಲೇ ಇದೆ. ಎಷ್ಟು ಸಮಯ ಕೊಡಬೇಕು, ಏನು ಹೇಳಿಕೊಡಬೇಕು ಅನ್ನೋದು ಅದರಲ್ಲಿ ಗೊತ್ತಾಗಲ್ಲ. ಹಾಗಾಗಿ ಒಳ್ಳೆಯವರೂ ಸುಮ್ಮನಾಗ್ತಾರೆ.

ಮೊದಲು ನಿಮ್ಮ ಸೈಟಿನ ಡ್ರಾಯಿಂಗ್ ಮಾಡಿದ ಡಿಸೈನರ್‌ನನ್ನೇ ಹಿಡಿಯಿರಿ. ಇಪ್ಪತ್ತು ವರ್ಷ ಅನುಭವದವರಿಗಿಂತ ನಿಮಗಿಂತ ನಾಲ್ಕೈದು ವರ್ಷ ಮುಂದಿರುವವರು ವಾಸಿ, ಅವರಿಗೆ ನಿಮ್ಮ ಗೊಂದಲ ಇನ್ನೂ ನೆನಪಿರುತ್ತೆ.

ಕೇಳುವ ಮುಂಚೆ ಒಂದು ಬೀಮ್ (ಭಾರ ಹೊರುವ ಅಡ್ಡ ತೊಲೆ) ಕೈಯಲ್ಲೇ ಲೆಕ್ಕ ಹಾಕಿ. ಪ್ರಶ್ನೆ ಹೀಗಿರಲಿ: '5 ಮೀಟರ್ ಸಿಂಪ್ಲಿ ಸಪೋರ್ಟೆಡ್ (ಎರಡೂ ತುದಿ ಬರೀ ಆಧಾರದ ಮೇಲೆ ಕೂತ) ಬೀಮ್. ಐಎಸ್ 456ರ (ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡ) ಮೂಲ ಅನುಪಾತ, ಅಂದರೆ ಉದ್ದ ಭಾಗಿಸು ಆಳ, 20 ಹಿಡಿದರೆ ಎಫೆಕ್ಟಿವ್ ಡೆಪ್ತ್ (ಮೇಲ್ಭಾಗದಿಂದ ಕೆಳಗಿನ ಕಂಬಿಯ ಮಧ್ಯದವರೆಗಿನ ಆಳ) 250 ಮಿ.ಮೀ. ಬರುತ್ತೆ. ಡ್ರಾಯಿಂಗ್‌ನಲ್ಲಿ ಒಟ್ಟು ಆಳ 450 ಮಿ.ಮೀ. ಇದೆ. ಮೇಲಿನ ಗೋಡೆಯ ಭಾರಕ್ಕೆ ಮೊಮೆಂಟ್ (ಬೀಮನ್ನು ಬಾಗಿಸುವ ಪರಿಣಾಮ) ಹೆಚ್ಚಾಗಿದ್ದಕ್ಕಾ?' ಲೆಕ್ಕದ ಹಾಳೆಯ ಫೋಟೋ ಜೊತೆಗಿರಲಿ. ಹೊರಗಿನವರಿಗಾದರೆ ಕಂಪನಿ ಡ್ರಾಯಿಂಗ್ ಕಳಿಸಲೇಬೇಡಿ, ಕೈಯಲ್ಲಿ ಸ್ಕೆಚ್ ಹಾಕಿ.

ಉತ್ತರ ಬಂದ ಮೇಲೆ ಲೆಕ್ಕ ತಿದ್ದಿ, ವಾರದೊಳಗೆ ಮತ್ತೆ ತೋರಿಸಿ. ಹೆಚ್ಚಿನವರು 'ಥ್ಯಾಂಕ್ಸ್ ಸರ್' ಅಂದು ಇಲ್ಲೇ ಬಿಟ್ಟುಬಿಡ್ತಾರೆ. ಹೇಳಿದ್ದನ್ನು ಮಾಡಿ ತೋರಿಸಿದವರಿಗೆ ಎರಡನೇ ಉತ್ತರ ಬೇಗ ಸಿಗುತ್ತೆ. ಇಂಥ ಮೂರ್ನಾಲ್ಕು ಸುತ್ತು ಆದಮೇಲಷ್ಟೇ 'ತಿಂಗಳಿಗೊಮ್ಮೆ ಅರ್ಧ ಗಂಟೆ ಕೊಡ್ತೀರಾ' ಅಂತ ಕೇಳಿ.

ಹತ್ತು ದಿನ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಬೇರೆಯವರನ್ನು ನೋಡಿ. ಬೆಂಗಳೂರಿನಲ್ಲಿದ್ದರೆ ಅಂಬೇಡ್ಕರ್ ವೀಧಿಯ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್‌ನ ಉಪನ್ಯಾಸಗಳಿಗೆ ಹೋಗಿ, ಇದೇ ಹಾಳೆ ಜೇಬಲ್ಲಿರಲಿ.