ತಂದೆ ವೀಲುನಾಮೆ ಬರೆಯದೆ ತೀರಿಹೋದರು, ತೋಟವನ್ನು ಅಮ್ಮನ ಹೆಸರಿಗೆ ಮಾಡಿಸುವುದು ಹೇಗೆ?

ನೀವು ಬರೆದದ್ದು ಹೀಗೆ: ತಂದೆ ಕಳೆದ ತಿಂಗಳು ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅವರೇ ಕ್ರಯಕ್ಕೆ ತೆಗೆದುಕೊಂಡ ಮನೆ, ಅಡಿಕೆ ತೋಟ ಇದೆ. ಕರ್ನಾಟಕದ ವಿಟ್ಲದ ಕಡೆ ಅಜ್ಜನ ಕಾಲದ ಜಾಗ, ಸೇವಾ ಸಹಕಾರಿ ಬ್ಯಾಂಕಿನಲ್ಲಿ ಠೇವಣಿ ಇದೆ. ಉಳಿದವರು ಅಮ್ಮ, ನೀವು, ಮದುವೆಯಾದ ಇಬ್ಬರು ತಂಗಿಯರು, ಮತ್ತು ತಂದೆಯ ತಾಯಿ. ಎಲ್ಲವನ್ನೂ ಅಮ್ಮನ ಹೆಸರಿಗೆ ಮಾಡಿಸಿದರೆ ಮುಗಿಯಿತಲ್ಲ ಎಂಬುದು ನಿಮ್ಮ ಪ್ರಶ್ನೆ.

ನೇರವಾಗಿ ಹಾಗೆ ಮಾಡಿಸಲು ಬರುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ವೀಲುನಾಮೆ ಇಲ್ಲದೆ ತೀರಿಹೋದ ಗಂಡಸಿನ ಸ್ವಂತ ಆಸ್ತಿ ಹೆಂಡತಿ, ಮಕ್ಕಳು, ತಾಯಿ ಇವರಿಗೆ ಸಮಪಾಲಾಗಿ ಹೋಗುತ್ತದೆ. ಮಗಳಿಗೆ ಮದುವೆಯಾಯಿತೆಂದು ಪಾಲು ಕಡಿಮೆಯಾಗುವುದಿಲ್ಲ. ಆದ್ದರಿಂದ ತೋಟದಲ್ಲಿ ಐದು ಪಾಲು, ಅದರಲ್ಲಿ ಒಂದು ಅಜ್ಜಿಯದು.

ಎಲ್ಲರೂ ಮರೆಯುವುದು ಈ ಅಜ್ಜಿಯ ಪಾಲನ್ನೇ. ಪಾಲುಪತ್ರ ಆಗುವ ಮೊದಲು ಅವರು ತೀರಿಹೋದರೆ ಆ ಐದನೇ ಒಂದು ಭಾಗ ಅವರ ಎಲ್ಲ ಮಕ್ಕಳಿಗೆ ಹಂಚಿಹೋಗುತ್ತದೆ. ತಂದೆಯ ಲೆಕ್ಕದ್ದು ಮಾತ್ರ ನಿಮ್ಮ ಮೂವರಿಗೆ. ಉಳಿದದ್ದು ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯಂದಿರಿಗೆ. ಆಮೇಲೆ ತೋಟದ ಯಾವ ದಸ್ತಾವೇಜಿಗೂ ಅವರೆಲ್ಲರ ಸಹಿ ಬೇಕು, ಅವರಲ್ಲಿ ಒಬ್ಬರು ತೀರಿದರೆ ಅವರ ಮಕ್ಕಳದ್ದೂ ಬೇಕು. ವರ್ಷಗಟ್ಟಲೆ ಸಿಕ್ಕಿಬೀಳುವ ಆಸ್ತಿಗಳು ಹೆಚ್ಚಿನವು ಹೀಗೆ ಸಿಕ್ಕಿಬಿದ್ದವು. ಅದಕ್ಕೇ ಅಜ್ಜಿ ಇರುವಾಗಲೇ ಕೆಲಸ ಮುಗಿಸಿ. ಅವರು ಒಪ್ಪಿದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಸಾಕು. ನಡೆಯಲಾಗದಿದ್ದರೆ ನೋಂದಣಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಸಬ್ ರಿಜಿಸ್ಟ್ರಾರರನ್ನು ಮನೆಗೆ ಕರೆಸಬಹುದು. ಆದರೆ ಕಾಗದದಲ್ಲಿ ಏನಿದೆಯೆಂದು ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಬೇಡಿ. ಪಾಲು ಅವರದ್ದು, ಬಿಡುವುದಿದ್ದರೆ ಕೊನೆವರೆಗೆ ಮನೆಯಲ್ಲಿ ವಾಸದ ಹಕ್ಕು, ಔಷಧಿ ಖರ್ಚು ಎರಡನ್ನೂ ಅದೇ ಪತ್ರದಲ್ಲಿ ಬರೆಸಿ.

ಇನ್ನು ಕಾಗದಗಳು. ಮರಣ ನೋಂದಣಿ ಆಗುವುದು ಮರಣ ಆದ ಊರಿನಲ್ಲಿ, ಮನೆ ಇರುವ ಪಂಚಾಯತಿನಲ್ಲಿ ಅಲ್ಲ. ನಿಮ್ಮ ತಂದೆಯದ್ದು ಮಂಗಳೂರಿನಲ್ಲೇ ಸಿಗುತ್ತದೆ. ಆಸ್ಪತ್ರೆಗೆ ಸೇರಿಸುವ ಗಡಿಬಿಡಿಯಲ್ಲಿ ಬರೆಸಿದ ಹೆಸರೇ ಸರ್ಟಿಫಿಕೇಟಿನಲ್ಲೂ ಬರುತ್ತದೆ: ಮನೆಹೆಸರು ಬಿಟ್ಟುಹೋಗಿರುತ್ತದೆ, ಇನಿಶಿಯಲ್ ಹಿಂದುಮುಂದಾಗಿರುತ್ತದೆ. ದಸ್ತಾವೇಜು, ಆಧಾರ್, ಪಾಸ್‌ಬುಕ್ಕಿನ ಹೆಸರುಗಳ ಜೊತೆ ಅಕ್ಷರ ಅಕ್ಷರ ಹೋಲಿಸಿ, ತಪ್ಪಿದ್ದರೆ ಈಗಲೇ ತಿದ್ದಿಸಿ. ಹಳೆಯ ದಸ್ತಾವೇಜಿನ ಹೆಸರೇ ಬೇರೆಯಾಗಿದ್ದರೆ ವಿಲ್ಲೇಜ್ ಆಫೀಸಿನಿಂದ ವನ್ ಆಂಡ್ ಸೇಮ್ ಸರ್ಟಿಫಿಕೇಟ್ (ಎರಡೂ ಹೆಸರು ಒಬ್ಬರದ್ದೇ ಎಂಬ ದಾಖಲೆ) ಮಾಡಿಸಿ.

ಆಮೇಲೆ ವಾರಸುದಾರರ ಸರ್ಟಿಫಿಕೇಟ್. ಅರ್ಜಿ ಅಕ್ಷಯ ಕೇಂದ್ರದಲ್ಲಿ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಹಾಕಬಹುದು. ವಿಲ್ಲೇಜ್ ಆಫೀಸರ್ ವಿಚಾರಿಸಿ ವರದಿ ಕೊಡುತ್ತಾರೆ, ಗಜೆಟ್‌ನಲ್ಲಿ ಪ್ರಕಟಣೆ ಬರುತ್ತದೆ, ಆಕ್ಷೇಪಕ್ಕೆ 30 ದಿನ ಬಿಟ್ಟು ತಹಸೀಲ್ದಾರರು ಕೊಡುತ್ತಾರೆ. ಒಟ್ಟಿನಲ್ಲಿ ಕೆಲವು ತಿಂಗಳು ಹಿಡಿಯುತ್ತದೆ, ಹಾಗಾಗಿ ಉತ್ತರಕ್ರಿಯೆ ಮುಗಿದ ಕೂಡಲೇ ಅರ್ಜಿ ಹಾಕಿ. ಅದರಲ್ಲಿ ಅಜ್ಜಿಯ ಹೆಸರನ್ನು ಬಿಡಬೇಡಿ. ಬಿಟ್ಟು ಮಾಡಿಸಿದ ಸರ್ಟಿಫಿಕೇಟ್ ಮೇಲೆ ನಡೆದ ವ್ಯವಹಾರವನ್ನು ನಾಳೆ ಯಾರಾದರೂ ಪ್ರಶ್ನಿಸಬಹುದು.

ಅದು ಕೈಗೆ ಬಂದ ಮೇಲೆ ವಿಲ್ಲೇಜ್ ಆಫೀಸಿನಲ್ಲಿ ಐವರ ಹೆಸರಿಗೂ ಪೋಕುವರವು (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸಿ ತೀರ್ವೆ (ಭೂಕಂದಾಯ) ಕಟ್ಟಿ. ತೀರ್ವೆ ರಶೀದಿ ಹಕ್ಕುಪತ್ರವಲ್ಲ, ಆದರೆ ಅದಿಲ್ಲದೆ ಮುಂದಿನ ಹೆಜ್ಜೆ ಕಷ್ಟ. ಬಳಿಕ ಪಾಲುಪತ್ರ ಅಥವಾ ಅಮ್ಮನ ಪರವಾಗಿ ಬಿಡುಗಡೆ ಪತ್ರ, ಮತ್ತೊಮ್ಮೆ ಪೋಕುವರವು. ಇಷ್ಟಾದರೆ ಮಾತ್ರ ತೋಟ ಅಮ್ಮನ ಹೆಸರಿಗೆ ಬಂದೀತು. ಪಾಲುಪತ್ರಕ್ಕೆ ಮೊದಲು ಇ.ಸಿ. (ಜಾಗದ ಮೇಲಿನ ಋಣಭಾರದ ಸರ್ಟಿಫಿಕೇಟ್) ತೆಗೆಸಿ ನೋಡಿ: ಸಹಕಾರಿ ಸಾಲಕ್ಕೆ ಬರೆದುಕೊಟ್ಟ ಗಹಾನ್ (ಜಾಗದ ಅಡಮಾನ ಪತ್ರ), ಸಾಲ ತೀರಿದ ಮೇಲೂ ರದ್ದಾಗದೆ ಉಳಿದಿರುವುದುಂಟು. ರಾಜ್ಯ ವಿಂಗಡಣೆಗೆ (1956) ಹಿಂದಿನ ಮೂಲ ದಸ್ತಾವೇಜು ಕನ್ನಡದಲ್ಲಿದ್ದರೆ ಹಳೆ ಸರ್ವೆ ನಂಬರಿಗೂ ರೀಸರ್ವೆ (ಮರು ಅಳತೆ) ನಂಬರಿಗೂ ತಾಳೆ ಮಾಡಿಸಿಕೊಳ್ಳಿ.

ವಿಟ್ಲದ ಜಾಗಕ್ಕೆ ಕರ್ನಾಟಕದ ದಾರಿ: ವಂಶವೃಕ್ಷ, ನಾಡಕಚೇರಿಯಲ್ಲಿ ಪೌತಿ ಖಾತೆ (ತೀರಿಹೋದವರ ಖಾತೆ ವಾರಸುದಾರರಿಗೆ ಬದಲಾಯಿಸುವುದು), ಪಹಣಿಯಲ್ಲಿ ಹೆಸರು. ಎರಡು ರಾಜ್ಯದ ಆಸ್ತಿಯನ್ನು ಒಂದೇ ಪತ್ರಕ್ಕೆ ಸೇರಿಸದೆ ಬೇರೆ ಬೇರೆ ಮಾಡಿಸುವುದು ಒಳ್ಳೆಯದು. ಪಾಲಿನ ಲೆಕ್ಕವೂ ಬೇರೆಯಾದೀತು. ಅಜ್ಜನ ಕಾಲದ್ದೆಲ್ಲ ಪಿತ್ರಾರ್ಜಿತವಲ್ಲ. ಅಜ್ಜನ ಸ್ವಂತ ಜಾಗ 1956ರ ನಂತರ ವಾರಸಿನಿಂದ ತಂದೆಗೆ ಬಂದಿದ್ದರೆ ಅದು ತಂದೆಯ ಸ್ವಂತದ್ದೇ, ಅಲ್ಲೂ ಐದೇ ಪಾಲು. ಕೂಡುಕುಟುಂಬದ ಜಾಗವಾದರೆ ಮೊದಲು ತಂದೆಯ ಪಾಲು ಎಷ್ಟೆಂದು ಬೇರ್ಪಡಿಸಿ ಅದನ್ನಷ್ಟೇ ಐವರಿಗೆ ಹಂಚಬೇಕು. 2005ರ ತಿದ್ದುಪಡಿಯಿಂದ ತಂಗಿಯರಿಗೂ ನಿಮಗೂ ಹುಟ್ಟಿನ ಹಕ್ಕು ಸಮ. ಇದನ್ನು ಬಂಟ್ವಾಳದ ವಕೀಲರಿಗೆ ದಸ್ತಾವೇಜು ತೋರಿಸಿಯೇ ನಿರ್ಧರಿಸಿ.

ಠೇವಣಿಯ ವಿಷಯದಲ್ಲಿ, ನಾಮಿನಿ ಹಣ ಪಡೆಯುವವರು ಮಾತ್ರ, ಒಡೆಯರಲ್ಲ. ಪಡೆದದ್ದನ್ನು ವಾರಸುದಾರರಿಗೆ ಹಂಚಬೇಕು. ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನದಂತೆ ವಾಣಿಜ್ಯ ಬ್ಯಾಂಕುಗಳು ನಾಮಿನಿ ಇಲ್ಲದಿದ್ದರೂ, ತಕರಾರಿಲ್ಲದಿದ್ದರೆ, 15 ಲಕ್ಷ ರೂಪಾಯಿವರೆಗೆ ಕೋರ್ಟಿನ ಸಕ್ಸೆಶನ್ ಸರ್ಟಿಫಿಕೇಟ್ ಕೇಳದೆ, ದಾಖಲೆ ಪೂರ್ತಿಯಾದ 15 ದಿನದಲ್ಲಿ ಇತ್ಯರ್ಥ ಮಾಡಬೇಕು. ಊರಿನ ಸೇವಾ ಸಹಕಾರಿ ಬ್ಯಾಂಕಿಗೆ ಇದು ಅನ್ವಯಿಸುವುದಿಲ್ಲ, ಅಲ್ಲಿ ಸೆಕ್ರೆಟರಿಯವರಲ್ಲಿ ಬೈಲಾ (ಸಂಘದ ನಿಯಮ) ಕೇಳಿ. ತಂದೆಯ ಎ.ಟಿ.ಎಂ. ಕಾರ್ಡಿನಿಂದ ಖರ್ಚಿಗೆಂದೂ ಹಣ ತೆಗೆಯಬೇಡಿ.

ಪಾಸ್‌ಬುಕ್ಕಿನಲ್ಲಿ ಮೇ ತಿಂಗಳ ಕೊನೆಗೆ 436 ಅಥವಾ 20 ರೂಪಾಯಿ ಕಡಿತ ಇದೆಯೇ ನೋಡಿ. 436 ಇದ್ದರೆ ಜೀವನ್ ಜ್ಯೋತಿ ವಿಮೆ, 2 ಲಕ್ಷ. 55 ವಯಸ್ಸಿನೊಳಗೆ ತೀರಿದ್ದರೆ ಮಾತ್ರ. 20 ಇದ್ದರೆ ಅಪಘಾತ ವಿಮೆ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಸದಸ್ಯರಾಗಿದ್ದರೆ ಅಲ್ಲಿನ ಪಾಲುಹಣವನ್ನೂ ವಿಚಾರಿಸಿ. ಪಿ.ಎಂ. ಕಿಸಾನ್, ಕ್ಷೇಮ ಪಿಂಚಣಿ ಬರುತ್ತಿದ್ದರೆ ತಕ್ಷಣ ತಿಳಿಸಿ ನಿಲ್ಲಿಸಿ, ಮರಣದ ನಂತರ ಖಾತೆಗೆ ಬಿದ್ದ ಕಂತನ್ನು ಸರಕಾರ ವಾಪಸು ಕೇಳುತ್ತದೆ.