ಅರೋರಾ–ಫಿಲಿಪ್ ದೃಶ್ಯಗಳು ಹಿನ್ನೋಟವಲ್ಲ

ಅಮೆರಿಕದ ಟಿವಿ ಧಾರಾವಾಹಿ ‘ವನ್ಸ್ ಅಪಾನ್ ಎ ಟೈಮ್’ನ ಎರಡನೇ ಸೀಸನ್ನಿನ ಮೊದಲ ಕಂತಿನಲ್ಲಿ ರಾಜಕುಮಾರ ಫಿಲಿಪ್ ನಿದ್ರಾಸುಂದರಿ ಅರೋರಾಳನ್ನು ಎಬ್ಬಿಸುವುದು, ಕಥಾಲೋಕದವರನ್ನು ನಮ್ಮ ಲೋಕದ ಸ್ಟೋರಿಬ್ರೂಕ್ ಊರಿಗೆ ಒಯ್ದ ಶಾಪಕ್ಕೆ ಮುಂಚೆಯೋ ನಂತರವೋ ಎಂದು ಕೇಳಿದ್ದೀರಿ. ನಂತರವೇ. ಮೊದಲ ಸೀಸನ್ನಿನಲ್ಲಿ ಕಥಾಲೋಕದ ಕಾಡಿನ ದೃಶ್ಯವೆಂದರೆ ಗತಕಾಲ ಎಂದು ನಮ್ಮ ಕಣ್ಣಿಗೆ ರೂಢಿಯಾಗಿಬಿಟ್ಟಿದೆ. 2012ರ ಈ ಕಂತು ಆ ರೂಢಿಯನ್ನೇ ಬಳಸಿಕೊಂಡು ನಮ್ಮನ್ನು ಏಮಾರಿಸುತ್ತದೆ. ಅದು ನನಗೆ ಬಹಳ ಇಷ್ಟವಾದ ಜಾಣತನ.

ಘಟನೆಗಳನ್ನು ಕಾಲಕ್ರಮದಲ್ಲಿ ಜೋಡಿಸಿ ನೋಡಿ. ಶಾಪ ಹಾಕಿದ ದುಷ್ಟರಾಣಿ ರೆಜಿನಾಳ ಆತ್ಮ ಹೀರಲೆಂದು ಮಾಂತ್ರಿಕ ಗೋಲ್ಡ್ ಒಂದು ಪ್ರೇತವನ್ನು ಕರೆಸುತ್ತಾನೆ. ಸ್ಟೋರಿಬ್ರೂಕ್‌ನಲ್ಲಿ ಅದನ್ನು ಲೋಕದಿಂದ ಲೋಕಕ್ಕೆ ದಾರಿ ತೆರೆಯುವ ಜೆಫರ್ಸನ್ನನ ಮಾಯಾಟೋಪಿಯೊಳಕ್ಕೆ ತಳ್ಳುತ್ತಾರೆ. ಜೊತೆಗೆ ಕಥಾನಾಯಕಿ ಎಮ್ಮಾಳೂ ಸೆಳೆಯಲ್ಪಡುತ್ತಾಳೆ, ಮಗಳ ಹಿಂದೆಯೇ ತಾಯಿ ಸ್ನೋ ಜಿಗಿಯುತ್ತಾಳೆ. ಟೋಪಿಯ ಆಚೆ ಬದಿಗೆ, ಅಂದರೆ ಕಥಾಲೋಕಕ್ಕೆ, ಬಂದ ಆ ಪ್ರೇತವೇ ಫಿಲಿಪ್‌ನ ಅಂಗೈಗೆ ತನ್ನ ಬಲಿಯ ಗುರುತು ಹಾಕುವುದು. ಹಾಗಾಗಿಯೇ ಕೊನೆಯಲ್ಲಿ ಅವಶೇಷಗಳಡಿ ತಾಯಿ ಮಗಳು ಸಿಕ್ಕಾಗ ಫಿಲಿಪ್‌ನ ಜೊತೆಗಾತಿ ಯೋಧೆ ಮುಲಾನ್ ಅಷ್ಟು ಸಿಟ್ಟಾಗುವುದು.

ಶಾಪ ಅರೋರಾ, ಫಿಲಿಪ್, ಮುಲಾನ್ ಅವರನ್ನು ಏಕೆ ಒಯ್ಯಲಿಲ್ಲ ಎಂಬುದಕ್ಕೂ ಉತ್ತರವಿದೆ: ಆ ನಾಡಿನ ಒಂದು ಮೂಲೆಗೆ ಶಾಪ ತಟ್ಟಲಿಲ್ಲ, ಅಲ್ಲಿದ್ದವರು 28 ವರ್ಷ ಕಾಲದಲ್ಲಿ ಹೆಪ್ಪುಗಟ್ಟಿದ್ದರು. ಅದನ್ನು ಕಾಪಾಡಿದ್ದು ಯಾರೆಂದು ಒಂಬತ್ತನೇ ಕಂತು ತೋರಿಸುತ್ತದೆ. ಆ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ, ದಯವಿಟ್ಟು ಅಲ್ಲಿಯವರೆಗೆ ನೋಡಿ.