ಬಾಗಿಲ ಹತ್ತಿರ ನಿಂತು ಹೇಳಿದ ಮಾತು

(ಹೆಸರು, ಊರು, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಗೌರಿ ಅಂತ ಕರೆಯೋಣ. ವಯಸ್ಸು 31. ಬಸ್ ಕಂಡಕ್ಟರ್. ಮನೆಯಲ್ಲಿ ಗಂಡ, ಆರು ವರ್ಷದ ಮಗ, ಅತ್ತೆ, ಕಾಲೇಜಿಗೆ ಹೋಗುವ ನಾದಿನಿ. ನಿದ್ದೆ ಬರುತ್ತಿಲ್ಲ, ಎದೆ ಡವಗುಡುತ್ತದೆ ಅಂತ ಆಪ್ತ ಸಮಾಲೋಚಕಿಯಾದ ನನ್ನ ಹತ್ತಿರ ಬಂದರು. ಅರ್ಧ ಗಂಟೆ ಡ್ಯೂಟಿ, ಪಾಳಿ, ಮಗನ ಶಾಲೆ ಅಂತ ಮಾತಾಡಿದೆವು. ಎದ್ದು ಹೊರಟವರು ಬಾಗಿಲ ಹತ್ತಿರ ನಿಂತರು. "ಮೇಡಂ, ಇನ್ನೊಂದು ವಿಷಯ ಇತ್ತು. ಹೇಳೋಕೆ ನಾಚಿಕೆ" ಎಂದರು. ನಿಜವಾದ ಸಂಗತಿ ಬಾಗಿಲ ಹತ್ತಿರ ಬರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮತ್ತೆ ಕೂರಿಸಿದೆ.

ಬಸ್‌ನಲ್ಲಿ ಒಂಬತ್ತು ಹತ್ತು ಗಂಟೆ ನಿಂತು ಮಾಡುವ ಕೆಲಸ. ದಾರಿಯಲ್ಲಿ ಸಿಗುವ ಟಾಯ್ಲೆಟ್‌ಗಳಲ್ಲಿ ಒಂದರಲ್ಲಿ ನೀರಿಲ್ಲ, ಒಂದಕ್ಕೆ ಚಿಲಕವಿಲ್ಲ. ಮುಟ್ಟಿನ ದಿನ ಒಂದೇ ಪ್ಯಾಡ್‌ನಲ್ಲಿ ಪಾಳಿ ಮುಗಿಸಬೇಕು. ತೊಡೆ ಸಂದಿ ಉಜ್ಜಿ ಹುಣ್ಣಾಗುತ್ತಿತ್ತು. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು "ಕಪ್ ಹಾಕ್ಕೊಳ್ಳಿ ಗೌರಿ, ಐದು ನಿಮಿಷದ ಕೆಲಸ" ಎಂದರು. ಅವರು ಹೇಳಿದ್ದು ಮುಟ್ಟಿನ ಕಪ್: ಯೋನಿಯೊಳಗೆ ಇಟ್ಟುಕೊಂಡು ರಕ್ತ ಹಿಡಿಯುವ ಮೆತ್ತನೆಯ ಚಿಕ್ಕ ಬಟ್ಟಲು. ಆನ್‌ಲೈನ್‌ನಲ್ಲಿ ತರಿಸಿಕೊಂಡರು. ಮುಟ್ಟಾದ ಎರಡನೇ ದಿನ, ಮಧ್ಯಾಹ್ನದ ಪಾಳಿಗೆ ಹೊರಡುವ ಮುಂಚೆ, ಅವಸರದಲ್ಲೇ ಹಾಕಿಕೊಂಡರು. ಮೂರನೇ ಸಲಕ್ಕೆ ಕೂತಿತು. ರಾತ್ರಿವರೆಗೂ ಒಂದು ಹನಿ ಕಲೆ ಇಲ್ಲ. "ಎಷ್ಟು ಖುಷಿಯಾಗಿತ್ತು ಗೊತ್ತಾ ಮೇಡಂ?"

ಹತ್ತೂವರೆಗೆ ಮನೆಗೆ ಬಂದು ತೆಗೆಯಲು ಹೋದರೆ ಬರಲಿಲ್ಲ. ಕಪ್ಪಿನ ಬುಡದಲ್ಲಿರುವ ಚಿಕ್ಕ ಬಾಲ ಹಿಡಿದು ಎಳೆದರು. ಜಾರಿತು. ಮತ್ತೆ ಎಳೆದರು. ಎಳೆದಷ್ಟೂ ಒಳಗಿನಿಂದ ಯಾರೋ ಹಿಡಿದ ಹಾಗೆ. ಹೊಟ್ಟೆಗೆ ಹೋಗಿಬಿಟ್ಟರೆ ಅಂತ ಕೈಕಾಲು ತಣ್ಣಗಾದವು. ಹೊರಗಿನಿಂದ ಗಂಡ ಬಾಗಿಲು ಬಡಿಯುತ್ತಿದ್ದರು. ಅತ್ತೆ ಎದ್ದುಬಂದು ಏನಾಯ್ತು ಅಂತ ಕೇಳುತ್ತಿದ್ದರು. ಮುಕ್ಕಾಲು ಗಂಟೆ ಅತ್ತು, ಸುಸ್ತಾಗಿ ಕುಕ್ಕರಗಾಲಲ್ಲಿ ಕೂತಾಗ ಅದೇ ಕೆಳಗಿಳಿದು ಬಂತು.

ಅದಾಗಿ ಎರಡು ತಿಂಗಳು. ಡೇಟ್ ಹತ್ತಿರ ಬಂದರೆ ಈಗಲೂ ನಿದ್ದೆ ಇಲ್ಲ. ಗಂಡ ಹತ್ತಿರ ಬಂದರೂ ಮೈ ಬಿಗಿಯಾಗುತ್ತದೆ. "ನಾನೇ ಏನೋ ಹಾಳು ಮಾಡ್ಕೊಂಡೆ ಅನ್ಸುತ್ತೆ" ಎಂದರು.

ಸಮಾಧಾನ ಹೇಳುವ ಮುಂಚೆ ಒಂದು ಪ್ರಶ್ನೆ ಕೇಳಬೇಕಿತ್ತು. ಗರ್ಭ ನಿಲ್ಲದ ಹಾಗೆ ಗರ್ಭಕೋಶದೊಳಗೆ ಇಡುವ ಕಾಪರ್ ಟಿ ಹಾಕಿಸಿದ್ದೀರಾ? ಹೌದು, ಮಗ ಹುಟ್ಟಿದ ಮೇಲೆ. ನಾನು ಅಲ್ಲಿಗೇ ನಿಲ್ಲಿಸಿದೆ. ಕಪ್ ಒಳಗೆ ಅರಳಿಕೊಂಡಾಗ ಗಾಳಿ ಬಿಗಿಹಿಡಿದು ಕೂರುತ್ತದೆ. ಅದನ್ನು ಬಿಡಿಸದೆ ಎಳೆದರೆ ಕಾಪರ್ ಟಿ ಜಾಗ ಬಿಟ್ಟು ಕದಲಬಹುದು. ಕಪ್‌ನ ಜೊತೆ ಗರ್ಭಕೋಶದ ಬಾಯಿಂದ ಕೆಳಗಿಳಿದಿರುವ ಕಾಪರ್ ಟಿಯ ದಾರವೂ ಕೈಗೆ ಸಿಕ್ಕಿಬಿಡಬಹುದು. ಇದನ್ನು ಮಾತಿನಲ್ಲಿ ಸರಿಮಾಡಲು ನಾನು ಡಾಕ್ಟರ್ ಅಲ್ಲ. ಮೊದಲು ಹೆರಿಗೆ ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಕಪ್ ಮುಟ್ಟಬೇಡಿ ಎಂದೆ. ಅದೃಷ್ಟಕ್ಕೆ ಕಾಪರ್ ಟಿ ಇದ್ದಲ್ಲೇ ಇತ್ತು. ದಾರ ಉದ್ದವಿದ್ದುದರಿಂದ ಡಾಕ್ಟರ್ ಸ್ವಲ್ಪ ಕತ್ತರಿಸಿದರು. ಗಾಳಿ ಬಿಡಿಸದೆ ಎಂದೂ ಎಳೆಯಬಾರದು, ಹೊಟ್ಟೆನೋವು ಜಾಸ್ತಿಯಾದರೆ ಅಥವಾ ದಾರ ಉದ್ದವಾದ ಹಾಗೆ ಅನ್ನಿಸಿದರೆ ತಕ್ಷಣ ಬರಬೇಕು ಅಂತ ಹೇಳಿ ಕಳಿಸಿದರು. ಕಾಪರ್ ಟಿ ಇರುವ ಯಾರೇ ಆಗಲಿ, ಕಪ್ ಕೊಳ್ಳುವ ಮುಂಚೆಯೇ ಡಾಕ್ಟರನ್ನು ಕೇಳಬೇಕು. "ಐದು ನಿಮಿಷದ ಕೆಲಸ" ಅನ್ನುವವರು ಈ ಮಾತು ಬಿಟ್ಟುಬಿಡುತ್ತಾರೆ.

ಎರಡನೇ ಸಲ ಬಂದಾಗ ಒಂದು ಹಾಳೆಯ ಮೇಲೆ ಚಿತ್ರ ಬರೆದೆ. ಮೂತ್ರದ ದಾರಿ, ಯೋನಿ, ಮಲದ ದಾರಿ. ಗೌರಿ ತುಂಬಾ ಹೊತ್ತು ನೋಡಿದರು. "ಒಂದು ಮಗು ಹೆತ್ತಿದ್ದೀನಿ ಮೇಡಂ. ಅಲ್ಲಿ ಎಷ್ಟು ದಾರಿ ಇದೆ ಅಂತ ಇವತ್ತು ಗೊತ್ತಾಯ್ತು." ಅವರಿಗೆ ಅವರಮ್ಮ ಹೇಳಿಕೊಟ್ಟದ್ದು ಒಂದೇ ಮಾತು: ಅಲ್ಲಿ ಕೈ ಹಾಕಬಾರದು. ಅಮ್ಮನಿಗೂ ಯಾರೋ ಹಾಗೇ ಹೇಳಿರುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ನೋಡದ ಜಾಗದಲ್ಲಿ ಏನೋ ಸಿಕ್ಕಿಕೊಂಡರೆ ಯಾರಿಗಾದರೂ ಜೀವ ಹೋದ ಹಾಗಾಗುತ್ತದೆ. ಅದನ್ನೇ ಹೇಳಿದೆ: ನೀವು ಹೆದರಿದ್ದು ದಡ್ಡತನವಲ್ಲ, ನಿಮಗೆ ಯಾರೂ ದಾರಿ ತೋರಿಸಿರಲಿಲ್ಲ.

ಆಮೇಲೆ ದಾರಿ ತೋರಿಸಿದೆ. ಯೋನಿಯ ಉದ್ದ ಸುಮಾರು ಮೂರರಿಂದ ನಾಲ್ಕು ಇಂಚು. ಅದರ ಕೊನೆಯಲ್ಲಿ ಗರ್ಭಕೋಶದ ಬಾಯಿ. ಮುಟ್ಟಿನ ರಕ್ತ ಇಳಿಯುವ ಆ ತೂತು ಎಷ್ಟು ಚಿಕ್ಕದೆಂದರೆ ಕಪ್ ಅದರೊಳಗೆ ಹೋಗುವುದು ಸಾಧ್ಯವೇ ಇಲ್ಲ. ಅಂದರೆ ಕಪ್ ಹೊಟ್ಟೆಗೆ ಹೋಗಲು ದಾರಿಯೇ ಇಲ್ಲ. ಆ ರಾತ್ರಿಯೂ ಅದು ಎಲ್ಲೂ ಹೋಗಿರಲಿಲ್ಲ, ಬೆರಳಿಗೆ ಸಿಗುವ ಜಾಗದಲ್ಲೇ ಇತ್ತು. ಗಾಳಿಯ ಬಿಗಿತದ ಜೊತೆ ಹೆದರಿದ ಮೈಯೂ ಬಿಗಿಯಾಗಿ ಅದನ್ನು ಹಿಡಿದುಕೊಂಡಿತ್ತು, ಅಷ್ಟೇ. ಇದನ್ನು ಕೇಳಿ ಗೌರಿ ಅತ್ತರು. ಎರಡು ತಿಂಗಳ ಅಳು ಅದು.

ತೆಗೆಯುವ ವಿಧಾನ ಹೀಗೆ. ಕೈ ತೊಳೆದುಕೊಂಡು ಕುಕ್ಕರಗಾಲಲ್ಲಿ ಕೂರಬೇಕು. ನಮ್ಮ ಇಂಡಿಯನ್ ಟಾಯ್ಲೆಟ್‌ನಲ್ಲಿ ಕೂತ ಹಾಗೆ. ಹಾಗೆ ಕೂತಾಗ ಕಪ್ ತಾನಾಗಿ ಕೆಳಗಿಳಿಯುತ್ತದೆ. ಆ ರಾತ್ರಿ ಅವರನ್ನು ಪಾರು ಮಾಡಿದ್ದೂ ಇದೇ. ಉಸಿರು ಮೆಲ್ಲಗೆ ಬಿಡುತ್ತಾ ಸ್ವಲ್ಪ ತಿಣುಕಬೇಕು. ಬಾಲ ಕಪ್ ಎಲ್ಲಿದೆ ಅಂತ ತೋರಿಸುವ ಗುರುತು, ಎಳೆಯುವ ಹಗ್ಗವಲ್ಲ. ಬಾಲದ ಜಾಡು ಹಿಡಿದು ಕಪ್‌ನ ಬುಡ ಸಿಕ್ಕ ಮೇಲೆ ಎರಡು ಬೆರಳಲ್ಲಿ ಬುಡವನ್ನು ಅಮುಕಬೇಕು. ಗಾಳಿ ಬಿಟ್ಟದ್ದು ಗೊತ್ತಾಗುತ್ತದೆ. ಆಮೇಲೆ ಒಂದು ಕಡೆ ವಾಲಿಸಿ ನಿಧಾನವಾಗಿ ಹೊರಗೆ. ಹಾಕುವಾಗ ಮಡಿಚಿ, ನೇರ ಮೇಲಕ್ಕಲ್ಲ, ಸೊಂಟದ ಹಿಂದಿನ ಮೂಳೆಯ ಕಡೆಗೆ ತಳ್ಳಬೇಕು.

ಆದರೆ ಮುಂದಿನ ತಿಂಗಳೇ ಹಾಕಿಕೊಳ್ಳಿ ಅಂತ ಹೇಳಲಿಲ್ಲ. ಮೊದಲ ವಾರ ಕಪ್ ಸುಮ್ನೆ ಕೈಯಲ್ಲಿ ಹಿಡಿದು, ಮಡಿಚಿ, ಬಿಟ್ಟು ನೋಡುವುದು. ಆಮೇಲೆ ಸ್ನಾನದ ಹೊತ್ತಿನಲ್ಲಿ ಬೆರಳಿಂದ ಜಾಗ ಗುರುತಿಸುವುದು. ಮುಟ್ಟಾದಾಗ ರಜೆಯ ದಿನ ಹಾಕಿ ಹತ್ತು ನಿಮಿಷಕ್ಕೇ ತೆಗೆಯುವುದು, ಕೆಳಗೆ ಪ್ಯಾಡ್ ಇರಲಿ. ಹಾಕುವುದಕ್ಕಿಂತ ತೆಗೆಯುವುದನ್ನು ಮೊದಲು ಕಲಿಯಿರಿ. ಮೈ ಬಿಗಿಯಾದರೆ ಅವತ್ತಿಗೆ ಬಿಟ್ಟುಬಿಡಿ. ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆ 2019ರಲ್ಲಿ 43 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವರದಿ ಪ್ರಕಟಿಸಿತ್ತು. ಕಪ್ ಸುರಕ್ಷಿತ ಎಂದ ಅದೇ ವರದಿ, ಅಭ್ಯಾಸವಾಗಲು ಕೆಲವು ತಿಂಗಳೇ ಹಿಡಿಯುತ್ತದೆ ಅಂತಲೂ ಹೇಳಿತ್ತು. ಗೌರಿ ಕಪ್ ಹಾಕಿದ ಮೊದಲ ದಿನವೇ ಪಾಳಿಗೆ ಹೋಗಿದ್ದರು.

12 ಗಂಟೆಗಿಂತ ಹೆಚ್ಚು ಹೊತ್ತು ಬಿಡಬಾರದು. ಕಪ್ ಹಾಕಿದಾಗ ಇದ್ದಕ್ಕಿದ್ದಂತೆ ಜ್ವರ, ವಾಂತಿ, ತಲೆಸುತ್ತು, ಮೈಮೇಲೆ ಕೆಂಪು ದದ್ದು ಬಂದರೆ ತೆಗೆದು ಆಸ್ಪತ್ರೆಗೆ ಓಡಬೇಕು. ಇದು ತೀರಾ ಅಪರೂಪ, ಆದರೂ ತಿಳಿದಿರಬೇಕು.

ಗೌರಿ ಒಪ್ಪಿದ ಮೇಲೆ ಗಂಡನನ್ನೂ ಒಂದು ಸಲ ಕರೆಸಿದೆ. ಒಳ್ಳೆಯ ಮನುಷ್ಯ. ಅವತ್ತು ಬಾಗಿಲು ಬಡಿದದ್ದು ಕೋಪಕ್ಕಲ್ಲ, ಗಾಬರಿಗೆ. "ನಾನೇನು ಮಾಡ್ಲಿ ಮೇಡಂ?" ಎಂದು ಕೇಳಿದರು. ಅವರಾಗಿ ಹತ್ತಿರ ಬರುವವರೆಗೆ ನೀವು ಕಾಯಿರಿ, ಮುಟ್ಟಿನ ದಿನ ರಾತ್ರಿ ಮಗನನ್ನು ನೀವೇ ಮಲಗಿಸಿ, ಬಚ್ಚಲುಮನೆ ಅರ್ಧ ಗಂಟೆ ಅವರಿಗಿರಲಿ ಎಂದೆ.

ಕಷ್ಟವಾದದ್ದು ಕಪ್ ಕುದಿಸುವ ವಿಷಯ. ಪ್ರತಿ ತಿಂಗಳು ಮುಟ್ಟಿಗೆ ಮುಂಚೆ ಮತ್ತು ಮುಗಿದ ಮೇಲೆ ಐದಾರು ನಿಮಿಷ ಕುದಿಯುವ ನೀರಿನಲ್ಲಿ ಮುಳುಗಿರಬೇಕು. ಅಡುಗೆಮನೆಯ ಒಲೆ ಮೇಲೆ ಅದನ್ನು ಇಡುವುದು ಅತ್ತೆಗೆ ಒಪ್ಪಿಗೆಯಿಲ್ಲ. ಅತ್ತೆಯ ಜೊತೆ ಜಗಳ ಮಾಡಿ ಗೆಲ್ಲಿ ಅಂತ ನಾನು ಹೇಳಲಾರೆ, ಆ ಮನೆಯಲ್ಲಿ ಇರಬೇಕಾದವರು ಗೌರಿ. ಅವರೇ ದಾರಿ ಹುಡುಕಿದರು. ಬಚ್ಚಲಿನ ಹಂಡೆ ಒಲೆಯ ಕೆಂಡದ ಮೇಲೆ ಒಂದು ಚಿಕ್ಕ ಸ್ಟೀಲ್ ಪಾತ್ರೆ, ಅದು ಕಪ್‌ಗೆ ಮಾತ್ರ.

ಅಷ್ಟರಲ್ಲಿ ನಾದಿನಿ ನನಗೂ ಬೇಕು ಎಂದಳಂತೆ. ಮದುವೆಯಾಗದ ಹುಡುಗಿ, ಕನ್ಯಾಪೊರೆ ಹರಿದರೆ ಏನು ಗತಿ ಅಂತ ಅತ್ತೆ. ಗೌರಿಗೆ ನಾನು ಹೇಳಿದ್ದು: ಆ ಪೊರೆ ಬಾಗಿಲಿನ ಹಾಗೆ ಮುಚ್ಚಿರುವುದಿಲ್ಲ. ಮುಚ್ಚಿದ್ದರೆ ಮುಟ್ಟಿನ ರಕ್ತ ಹೇಗೆ ಬರುತ್ತಿತ್ತು? ಕೆಲವರಲ್ಲಿ ಹಿಗ್ಗುತ್ತದೆ, ಕೆಲವರಲ್ಲಿ ಸ್ವಲ್ಪ ಹರಿಯಲೂಬಹುದು. ಅದರಿಂದ ಹುಡುಗಿಯ ನಡತೆ ಅಳೆಯಲು ಬರುವುದಿಲ್ಲ. 2022ರಲ್ಲಿ ನಮ್ಮ ಸರ್ಕಾರವೇ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ಹುಡುಗಿಯರಿಗೆ ಮೈತ್ರಿ ಕಪ್ ಕೊಡುವ ಪ್ರಯೋಗ ಮಾಡಿತ್ತು. ಆದರೆ ಬೇಕೋ ಬೇಡವೋ ಅಂತ ತೀರ್ಮಾನಿಸುವವಳು ಆ ಹುಡುಗಿಯೇ. ಅತ್ತೆಯೂ ಅಲ್ಲ, ಅತ್ತಿಗೆಯೂ ಅಲ್ಲ.

ಮೂರನೇ ತಿಂಗಳು ಗೌರಿ ರಜೆಯ ದಿನ ಹಾಕಿದರು, ತೆಗೆದರು, ಮತ್ತೆ ಹಾಕಿದರು. ನಾಲ್ಕನೇ ತಿಂಗಳು ಒಂದು ಪಾಳಿಗೆ ಹಾಕಿಕೊಂಡು ಹೋದರು. ಮನೆಗೆ ಬಂದು ತೆಗೆಯಲು ಐದು ನಿಮಿಷವೂ ಹಿಡಿಯಲಿಲ್ಲವಂತೆ. ನಿದ್ದೆ ಬರುತ್ತಿದೆ. ಗಂಡನ ಜೊತೆ ಎಲ್ಲಾ ಮೊದಲಿನ ಹಾಗೆ ಆಗಿದೆ ಅಂತ ನಗುತ್ತಾ ಹೇಳಿದರು, ನಾನು ಹೆಚ್ಚು ಕೇಳಲಿಲ್ಲ.

ಕೊನೆಯ ಸಲ ಬಂದಾಗ ಹೊರಡುವ ಮುಂಚೆ ಮತ್ತೆ ಬಾಗಿಲ ಹತ್ತಿರ ನಿಂತರು. "ಮೇಡಂ, ಈ ತಿಂಗಳು ಯಾಕೋ ಕಪ್ ಬೇಡ ಅನ್ನಿಸ್ತು. ಪ್ಯಾಡೇ ಹಾಕ್ಕೊಂಡೆ. ತಪ್ಪಾ?"

"ಇಲ್ಲ" ಎಂದೆ.